ಬಾಯಲ್ಲಿನ ಹುಣಸೆಬೀಜ

ನಾಟಿಗೆ ಹೋಗುವ ಹೆಂಗಸು ನೀರು ಕುಡಿಯಬಾರದು.

ಹೀಗೆಂದು ಯಾವ ದೇವರೂ ಹೇಳಿಲ್ಲ, ಯಾವ ಸರ್ಕಾರವೂ ಬರೆದಿಲ್ಲ. ಹೆಂಗಸರೇ ಹೆಂಗಸರಿಗೆ ಕಲಿಸಿಕೊಂಡು ಬಂದದ್ದು. ಹಿಂದಿನ ದಿನ ದೀಪ ಹಚ್ಚುವ ಹೊತ್ತಿಗೆ ಒಂದು ಚೊಂಬು ನೀರು, ಅಲ್ಲಿಗೆ ಮುಗಿಯಿತು. ಬೆಳಿಗ್ಗೆ ಬಾಯಿ ಮುಕ್ಕಳಿಸಬಹುದು, ನುಂಗಬಾರದು. ಕಾಫಿ ಬೇಡ. ಒಣ ರೊಟ್ಟಿ ತಿನ್ನಬಹುದು. ಬಾಯಿ ಒಣಗಿದರೆ ಹುರಿದ ಹುಣಸೆಬೀಜವೊಂದನ್ನು ಕೆನ್ನೆಯೊಳಗೆ ಒತ್ತರಿಸಿಕೊಳ್ಳಬೇಕು. ಅದು ಮೆಲ್ಲಗೆ ನೆನೆಯುತ್ತದೆ, ಬಾಯಲ್ಲಿ ಎಂಜಲು ಊರುತ್ತದೆ. ಗಂಟಲಿಗೆ ಮೋಸ ಮಾಡಿ ಸಂಜೆಯವರೆಗೆ ತಳ್ಳಬಹುದು.

ಲತಾಳಿಗೆ ಇದನ್ನು ಕಲಿಸಿದ್ದು ಕೆ.ಆರ್.ಪೇಟೆ ಕಡೆಯ ತವರಿನಲ್ಲಿ ಅವಳ ಅವ್ವ ಬೆಟ್ಟಮ್ಮ. ಆಗ ಲತಾಳಿಗೆ ಹದಿಮೂರು. ಈಗ ಮೂವತ್ತಾರು. ನಾಗಮಂಗಲ ಕಡೆಯ ಊರಿಗೆ ಸೊಸೆಯಾಗಿ ಬಂದ ಮೇಲೂ ಆಷಾಢ ಶ್ರಾವಣದಲ್ಲಿ ಅದೇ ಕೆಲಸ, ಅದೇ ಬೀಜ. ಹೋದ ವರ್ಷ ಕಿಡ್ನಿಯಲ್ಲಿ ಕಲ್ಲಾಗಿ ಸೊಂಟನೋವು ಎದ್ದು ನೆಲದ ಮೇಲೆ ಹೊರಳಾಡಿದಳು. ಆಸ್ಪತ್ರೆಯ ಡಾಕ್ಟರಮ್ಮ, ದಿನಕ್ಕೆ ಮೂರು ಲೀಟರ್ ನೀರು ಕುಡಿಯಬೇಕು ಎಂದರು. ಲತಾ ತಲೆಯಾಡಿಸಿ ಬಂದಳು. ಕುಡಿದ ನೀರನ್ನು ಎಲ್ಲಿ ಹೋಗಿ ಬಿಡಬೇಕೆಂದು ಡಾಕ್ಟರಮ್ಮ ಹೇಳಲಿಲ್ಲ, ಇವಳೂ ಕೇಳಲಿಲ್ಲ.

ಈ ವರ್ಷ ಅವಳು ತನ್ನ ವಾರಗಿತ್ತಿ ಸೌಮ್ಯಳಿಗೆ ಅದೇ ಪಾಠ ಹೇಳಿಕೊಟ್ಟಳು. ಸೌಮ್ಯಳಿಗೆ ಇಪ್ಪತ್ತೆರಡು ವರ್ಷ. ಐದು ತಿಂಗಳ ಬಸುರಿ. ಮೊದಲನೆಯ ಬಸುರು ಮೂರು ತಿಂಗಳಿಗೇ ಇಳಿದುಹೋಗಿತ್ತು. ಇದಾದರೂ ನಿಲ್ಲಬೇಕು ಎನ್ನುವುದೊಂದೇ ಈಗ ಮನೆಮಂದಿಯ ಆಸೆ. ಹಾಗಾದರೆ ಹುಡುಗಿಯನ್ನು ಮನೆಯಲ್ಲಿ ಕೂರಿಸಬೇಕಿತ್ತು ಎನ್ನುವವರು ಒಮ್ಮೆ ಆ ಮನೆಯ ರಾಗಿ ಮೂಟೆಯ ಬಾಯಿ ಬಿಚ್ಚಿ ನೋಡಲಿ. ಗಂಡಂದಿರಿಬ್ಬರೂ ಊರೂರು ತಿರುಗಿ ಕಟ್ಟಡದ ಕೆಲಸ ಮಾಡುತ್ತಾರೆ. ತಂದಷ್ಟು ತಂದರು, ತರದಿದ್ದರೆ ಇಲ್ಲ.

ಬೆಳಗಿನ ಐದಕ್ಕೆ ತಿಮ್ಮೇಶನ ಲಗೇಜ್ ಆಟೊ ಊರ ಮುಂದೆ ನಿಲ್ಲುತ್ತದೆ. ತಿಮ್ಮೇಶ ಅದೇ ಊರಿನವನು, ಕೂಲಿಯಾಳು ಒದಗಿಸುವ ಮೇಸ್ತ್ರಿ. ಹನ್ನೊಂದು ಹೆಂಗಸರು ಹಿಂದೆ ನಿಂತುಕೊಂಡೇ ಹೋಗಬೇಕು. ಗುಂಪಿಗೆ ಹಿರಿಯಳು ಲಕ್ಷ್ಮಿದೇವಮ್ಮ. ಅವಳ ಸೊಂಟದ ಚೀಲದಲ್ಲಿ ಎಲೆಯಡಿಕೆಯ ಜೊತೆ ಹುಣಸೆಬೀಜ ಇರುತ್ತದೆ. ಜಕ್ಕನಹಳ್ಳಿ ದಾಟುವಾಗ ಒಬ್ಬೊಬ್ಬರ ಅಂಗೈಗೂ ಒಂದೊಂದು ಹಾಕುತ್ತಾಳೆ, ಪ್ರಸಾದ ಕೊಟ್ಟಂತೆ.

ದಾರಿಯ ನಡುವಿನ ಬೆಟ್ಟ ಇಳಿದರೆ ಲೋಕವೇ ಬೇರೆ. ಜಿಲ್ಲೆ ಒಂದೇ, ಮಾತು ಒಂದೇ, ಮುದ್ದೆ ಒಂದೇ. ಆದರೆ ಬೆಟ್ಟದ ಆ ಕಡೆ ಎರಡು ದಿನಕ್ಕೊಮ್ಮೆ ಬರುವ ನಲ್ಲಿಗೆ ಬಿಂದಿಗೆ ಸಾಲಿಟ್ಟು ಜಗಳವಾಡುತ್ತಾರೆ. ಈ ಕಡೆ ಕೆ.ಆರ್.ಎಸ್. ನೀರು ರಸ್ತೆಯ ಪಕ್ಕದಲ್ಲೇ ಕಾಲುವೆ ತುಂಬಿ ಹರಿಯುತ್ತದೆ. ಎಮ್ಮೆ ಈಜುತ್ತದೆ, ಟ್ರಾಕ್ಟರು ತೊಳೆಯುತ್ತಾರೆ. ಲತಾ ಮೊದಲ ಸಲ ನೋಡಿದಾಗ ಹೊಟ್ಟೆ ಉರಿದುಹೋಗಿತ್ತು. ಆಮೇಲೆ ಇನ್ನೊಂದು ಅರ್ಥವಾಯಿತು. ಅವಳ ಊರಿನಲ್ಲಿ ನೀರಿಲ್ಲ, ಆದರೆ ಪೊದೆ ಇದೆ, ಬಂಡೆ ಇದೆ, ಹಳ್ಳದ ತಗ್ಗು ಇದೆ. ಇಲ್ಲಿ ನೆಲಕ್ಕೆ ಎಷ್ಟು ಬೆಲೆಯೆಂದರೆ ಒಂದು ಪೊದೆ ಬೆಳೆಯುವಷ್ಟು ಜಾಗವನ್ನೂ ಯಾರೂ ಬಿಟ್ಟಿಲ್ಲ. ಅಂಗೈಯಂಥ ಬಯಲು. ಮರೆ ಎಂದರೆ ಕಬ್ಬಿನ ತಾಕು ಮಾತ್ರ, ಅದೂ ಇದ್ದರೆ.

ಪಾಂಡವಪುರದಿಂದ ಒಳಗೆ, ಶಿವಶಂಕರ್ ಎಂಬ ಗೌಡರ ಗದ್ದೆ. ಆ ದಿನ ಅಲ್ಲಿ ಅವರ ಮೂರನೆಯ ದಿನ.

ನಾಟಿಯೆಂದರೆ ಏನೆಂದು ಕಾರಿನಲ್ಲಿ ಹೋಗುವವರಿಗೆ ಗೊತ್ತಿರುವುದಿಲ್ಲ. ಸಾಲಾಗಿ ಬಗ್ಗಿದ ಬಣ್ಣದ ಸೀರೆಗಳನ್ನು ನೋಡಿ ಗಾಡಿ ನಿಲ್ಲಿಸಿ ಫೋಟೊ ತೆಗೆಯುತ್ತಾರೆ. ಬೆಳಗಿನಿಂದ ಸಂಜೆಯವರೆಗೆ ಸೊಂಟ ಮುರಿದುಕೊಂಡು ಬಗ್ಗಿರಬೇಕು. ಮೊಣಕಾಲಿನ ಕೆಳಗೆಲ್ಲ ಕೆಸರು. ಒಂದೊಂದೇ ಪೈರು ಊರುತ್ತ ಹಿಂದಕ್ಕೆ ಹಿಂದಕ್ಕೆ ನಡೆಯಬೇಕು. ಬೆರಳ ಸಂದಿ ಕೊಳೆತು ಬಿಳಿಚುತ್ತದೆ. ಬೆನ್ನು ನೆಟ್ಟಗೆ ಮಾಡಿದರೆ ಸಾಲು ಹಿಂದೆ ಬೀಳುತ್ತದೆ. ಗಂಡಸರು ಇದನ್ನು ಮಾಡುವುದಿಲ್ಲ. ಅವರು ಪೈರಿನ ಕಟ್ಟುಗಳನ್ನು ಹೊತ್ತು ತಂದು ಗದ್ದೆಗೆ ಎಸೆಯುತ್ತಾರೆ, ಅದಕ್ಕೆ ಕೂಲಿ ಹೆಚ್ಚು. ನೀರು ಕುಡಿಯುತ್ತಾರೆ, ಎರಡು ಹೆಜ್ಜೆ ಆಚೆ ಹೋಗಿ ಬದುವಿನ ಮೇಲೇ ನಿಂತು ಲುಂಗಿ ಎತ್ತುತ್ತಾರೆ. ಹೆಂಗಸರು ಇನ್ನಷ್ಟು ಬಗ್ಗಿ ಕೆಸರು ನೋಡಬೇಕು. ಅವರಿಗೆ ನಾಚಿಕೆಯಿಲ್ಲ ಎಂದು ಇವರು ನಾಚಿಕೊಳ್ಳಬೇಕು. ಇದೆಂಥ ನ್ಯಾಯ ಎಂದು ಲತಾಳಿಗೆ ಎಷ್ಟೋ ಸಲ ಅನ್ನಿಸಿದೆ. ಅನ್ನಿಸಿದ್ದನ್ನು ನುಂಗಿ ಬೀಜವನ್ನು ಆ ಕೆನ್ನೆಯಿಂದ ಈ ಕೆನ್ನೆಗೆ ತಳ್ಳಿದ್ದಾಳೆ.

ಹತ್ತು ಗಂಟೆಗೆ ಸೌಮ್ಯ ಮೆಲ್ಲಗೆ, "ಅಕ್ಕ, ಓಗ್ಬೇಕು," ಎಂದಳು.

"ಈಗ್ತಾನೆ ಓಗಿದ್ದಲ್ಲ."

"ತಡೆಯಕ್ಕಾಗಲ್ಲ ಕಣಕ್ಕ."

ಬಸುರಿಗೆ ತಡೆಯಲಾಗುವುದಿಲ್ಲ, ಅದು ಲತಾಳಿಗೂ ಗೊತ್ತು. ಇಬ್ಬರೂ ಬದು ಹತ್ತಿದರು. ಪಂಪ್‌ಸೆಟ್ ಮನೆಯ ಪಕ್ಕದಲ್ಲಿ ಗೌಡರ ಕಬ್ಬಿನ ತಾಕು. ಕಬ್ಬಿನ್ನೂ ಎಳೆಯದು, ಎದೆಮಟ್ಟ ಬಂದಿಲ್ಲ. ಸೌಮ್ಯ ಸಾಲಿನೊಳಗೆ ಹೋಗಿ ಕೂತಳು. ಲತಾ ರಸ್ತೆಯ ಕಡೆಗೆ ಮುಖ ಮಾಡಿ ಸೆರಗನ್ನು ಎರಡೂ ಕೈಯಲ್ಲಿ ಅಗಲಿಸಿ ಹಿಡಿದು ನಿಂತಳು. ರಸ್ತೆಯಲ್ಲಿ ಒಂದು ಹಾಲಿನ ವ್ಯಾನು ಹೋಯಿತು. ಇನ್ನಷ್ಟು ಅಗಲಿಸಿದಳು. ಸೌಮ್ಯ ಬೇಗ ಏಳಲಿಲ್ಲ. ಹಲ್ಲು ಕಚ್ಚಿ ಉಸಿರೆಳೆದುಕೊಂಡ ಸದ್ದು ಕೇಳಿತು.

"ಏನಮ್ಮಿ?"

"ಏನಿಲ್ಲ, ನಡೀರಿ."

ಒಂದು ಗಂಟೆಗೆ ಊಟ. ಗೌಡರ ತಾಯಿ ಚಿಕ್ಕಬೋರಮ್ಮ ಮುದ್ದೆ ಉಪ್ಸಾರಿನ ಪಾತ್ರೆಗಳನ್ನು ಬೈಕಿನಲ್ಲಿ ಮಗನ ಹಿಂದೆ ಕೂತು ತಂದಿದ್ದಳು. ಎಪ್ಪತ್ತು ದಾಟಿದ ಮುದುಕಿ. ಈಗಲೂ ತನ್ನ ಕೈಯಾರೆ ಬಡಿಸದಿದ್ದರೆ ಸಮಾಧಾನವಿಲ್ಲ. ಹೆಂಗಸರು ಬದುವಿನ ಮೇಲೆ ಸಾಲಾಗಿ ಕೂತರು. ನೀರಿನ ಕೊಡ ನಡುವೆ ಇತ್ತು. ಯಾರೂ ಮುಟ್ಟಲಿಲ್ಲ, ತಿಮ್ಮೇಶ ಮಾತ್ರ ಎರಡು ಲೋಟ ಬಗ್ಗಿಸಿ ಕುಡಿದ.

ಶಿವಶಂಕರ್ ಬೈಕಿನ ಮೇಲೆ ಕೂತೇ ಮೊಬೈಲು ನೋಡುತ್ತಿದ್ದರು. ಕೆಟ್ಟ ಮನುಷ್ಯನೇನಲ್ಲ ಎಂದು ಊರು ಹೇಳುತ್ತಿತ್ತು. ಕೂಲಿ ತಡ ಮಾಡುವುದಿಲ್ಲ, ಬಾಯಿ ಹೊಲಸಲ್ಲ.

"ತಿಮ್ಮೇಶ, ನಿಮ್ಮ ಎಣ್ಣಾಳು ಗದ್ದೇಗಿಂತ ಕಬ್ಬಲ್ಲೇ ಜಾಸ್ತಿ ಇರ್ತಾವಲ್ಲೋ," ಎಂದರು.

ತಿಮ್ಮೇಶ ನಕ್ಕ. "ಅಂಗೇನಿಲ್ಲ ಬುಡಿ ಗೌಡ್ರೆ."

"ಏನಿಲ್ಲ ಅಂತೀಯಲ್ಲ. ನಿನ್ನೆ ಮೊನ್ನೆಯಿಂದ ನೋಡ್ತಾನೆ ಇವ್ನಿ. ಆ ಅಸ್ರು ಸೀರೆ ಇವತ್ತು ಆಗ್ಲೇ ನಾಕು ಸತಿ ಓಗದೆ. ಒಂದೊಂದು ಸತೀಗೂ ಇಬ್ಬಿಬ್ರು."

ಹಸಿರು ಸೀರೆ ಸೌಮ್ಯಳದು. ಅವಳ ಕೈಯಲ್ಲಿದ್ದ ಮುದ್ದೆಯ ತುತ್ತು ತಟ್ಟೆಗೆ ವಾಪಸು ಬಿತ್ತು.

ಲತಾಳಿಗೆ ತಕ್ಷಣ ಹೊಳೆಯಲಿಲ್ಲ. ಊಟ ತರುವವರೆಗೆ ಗೌಡರು ಈ ಕಡೆ ಬಂದೇ ಇಲ್ಲ, ಮತ್ತೆ ನೋಡಿದ್ದು ಎಲ್ಲಿಂದ? ಲಕ್ಷ್ಮಿದೇವಮ್ಮ ಪಂಪ್‌ಸೆಟ್ ಮನೆಯ ಕಡೆಗೆ ಗದ್ದ ಎತ್ತಿ ತೋರಿಸಿದಳು. ಮನೆಯ ಮೂಲೆಯಲ್ಲಿ ಕಂಬ, ಕಂಬದ ತುದಿಯಲ್ಲಿ ಬಿಳಿಯ ಬುರುಡೆ. ಮೂರು ದಿನವೂ ಅವರೆಲ್ಲ ಅದನ್ನು ಲೈಟು ಎಂದುಕೊಂಡಿದ್ದರು.

ಲತಾ ಎದ್ದಳು. ಎಂಜಲು ಕೈಯನ್ನು ಸೀರೆಗೆ ಒರೆಸಿಕೊಂಡು ಬೈಕಿನ ಹತ್ತಿರ ಹೋದಳು.

"ತೋರ್ಸಿ ಗೌಡ್ರೆ."

"ಏನ?"

"ನೀವು ನೋಡಿದ್ನ."

ಶಿವಶಂಕರ್‌ಗೆ ಸ್ವಲ್ಪ ಕಸಿವಿಸಿಯಾಯಿತು. "ಮೋಟ್ರು ಕೇಬಲ್ ಕದ್ರು ಅಂತ ಕ್ಯಾಮ್ರಾ ಆಕ್ಸಿದ್ದು ಕಣಮ್ಮ. ನಾನೇನು ಬೇಕೂಂತ ನೋಡ್ದ್ನ? ಕೆಲ್ಸ ಎಲ್ಲಿಗ್ಬಂತು ಅಂತ ತೆಗುದ್ರೆ ಕಾಣ್ತದೆ."

"ಕಾಣೋದ್ನೇ ತೋರ್ಸಿ."

ತೋರಿಸದಿದ್ದರೆ ತಪ್ಪು ಒಪ್ಪಿಕೊಂಡಂತೆ. ಅವರು ಮೊಬೈಲು ತಿರುಗಿಸಿದರು. ಎಳೆಯ ಕಬ್ಬಿನ ಸಾಲು ಮೇಲಿನಿಂದ ಚೆನ್ನಾಗಿ ಕಾಣುತ್ತಿತ್ತು. ಅದರೊಳಗೆ ಹಸಿರು ಸೀರೆ ಮೇಲೆತ್ತಿ ಕೂತ ಹುಡುಗಿ. ಅವಳ ಆಚೆ, ಸೆರಗನ್ನು ಎರಡು ಕೈಯಲ್ಲಿ ಅಗಲಿಸಿ ಹಿಡಿದು ಬೆನ್ನು ಹಾಕಿ ನಿಂತ ಒಬ್ಬ ಹೆಂಗಸು. ಲತಾ ತನ್ನ ಬೆನ್ನನ್ನು ತಾನು ನೋಡಿದ್ದು ಅದೇ ಮೊದಲು. ರಸ್ತೆಗೆ ಎಷ್ಟು ಶ್ರದ್ಧೆಯಿಂದ ಮರೆ ಹಿಡಿದಿದ್ದಾಳೆ, ಪೆದ್ದಿ. ಕಣ್ಣಿದ್ದದ್ದು ಹಿಂದೆ.

ಮೈಯೆಲ್ಲ ಉರಿಯಿತು. ನಾಚಿಕೆಯಲ್ಲ, ಸಿಟ್ಟು. ಇಷ್ಟು ವರ್ಷ ಇವೆರಡನ್ನೂ ಒಂದೇ ಎಂದುಕೊಂಡಿದ್ದೆನಲ್ಲ ಎಂದು ಇನ್ನಷ್ಟು ಸಿಟ್ಟು.

"ಇದ್ನ ಅಳಿಸಾಕಿ."

"ಅದು ಏಳು ದಿನಕ್ಕೆ ತಾನಾಗೇ ಅಳಿಸೋಯ್ತದೆ," ಎಂದು ಶಿವಶಂಕರ್ ಮೊಬೈಲನ್ನು ಜೇಬಿಗೆ ಹಾಕಿಕೊಂಡರು. "ಓಗ್ಲಿ, ನೋಡಿ. ಊಟದ ಒತ್ನಲ್ಲಿ ಒಂದ್ಸತಿ ಓಗಿಬನ್ನಿ, ನಾನು ಬ್ಯಾಡ ಅನ್ನಲ್ಲ. ಗಳಿಗೆಗೊಂದ್ಸತಿ ಓದ್ರೆ ನಾಟಿ ಮುಗ್ದಂಗೆ. ತಿಮ್ಮೇಶ, ಆ ಬಸ್ರೀನ ನಾಳಿಂದ ಕರ್ಕೊಂಡು ಬರಬ್ಯಾಡ ಕಣ್ಲಾ."

"ಆಯ್ತು ಗೌಡ್ರೆ," ಎಂದ ತಿಮ್ಮೇಶ.

ಎಷ್ಟು ಸಲೀಸು ಆ ಆಯ್ತು. ಸೌಮ್ಯ ತಲೆ ಎತ್ತಲಿಲ್ಲ. ಊಟ ಮುಗಿಯಿತು ಎನ್ನುವುದಕ್ಕಿಂತ ನಿಂತಿತು. ಬೇರೆ ದಾರಿ ಕಾಣದೆ ಹೆಂಗಸರು ಮತ್ತೆ ಗದ್ದೆಗೆ ಇಳಿದರು, ಲತಾಳೂ ಇಳಿದಳು. ಇಪ್ಪತ್ತಮೂರು ವರ್ಷದ ರೂಢಿ, ಕಾಲು ತಾನಾಗಿ ಇಳಿಯುತ್ತದೆ. ಆದರೆ ಕೈ ಓಡಲಿಲ್ಲ. ಬೆನ್ನ ಮೇಲೆ ಯಾರೋ ಬೆರಳು ಒತ್ತಿ ಹಿಡಿದಂತಿತ್ತು. ಒಂದು ಪೈರು ಊರುವಳು, ಕಂಬದ ಕಡೆಗೆ ತಿರುಗಿ ನೋಡುವಳು. ಮತ್ತೊಂದು ಊರುವಳು, ಮತ್ತೆ ನೋಡುವಳು.

ಎರಡು ಸಾಲು ಮುಗಿಯುವುದರೊಳಗೆ ಪಕ್ಕದಲ್ಲಿ ಸೌಮ್ಯ ಮಂಡಿಯೂರಿದಳು. ಬೀಳಲಿಲ್ಲ, ಕೂತುಬಿಟ್ಟಳು, ಸೊಂಟದವರೆಗೆ ಕೆಸರಿನಲ್ಲಿ. ಲತಾ ಓಡಿ ತೋಳು ಹಿಡಿದಳು. ತೋಳು ಬಿಸಿ ಕಾವಲಿಯಾಗಿತ್ತು.

"ಜ್ವರ ಬಂದದಲ್ಲಮ್ಮಿ. ಯಾವಾಗ್ನಿಂದ?"

"ಮೊನ್ನೆಯಿಂದ. ಒಂದಕ್ಕೋದ್ರೆ ಉರೀತದೆ ಅಕ್ಕ. ನೆನ್ನೆ ರಕ್ತದಂಗೆ ಬಂತು."

"ಯಾಕಮ್ಮಿ ಯೋಳ್ನಿಲ್ಲ? ನೀರಾದ್ರೂ ಕುಡೀಬಾರ್ದಾಗಿತ್ತ?"

ಸೌಮ್ಯ ಅವಳ ಮುಖ ನೋಡಿದಳು. ಆ ನೋಟದಲ್ಲಿ ಕೋಪ ಇರಲಿಲ್ಲ. ಇದ್ದಿದ್ದರೆ ಲತಾಳಿಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ.

"ನೀವೇ ಬ್ಯಾಡ ಅಂದಿದ್ರಲ್ಲಕ್ಕ," ಎಂದಳು.

ಲತಾಳ ಕೆನ್ನೆಯೊಳಗೆ ಹುಣಸೆಬೀಜ ಇನ್ನೂ ಇತ್ತು. ನೆನೆದು, ಸಿಪ್ಪೆ ಬಿಟ್ಟು, ನಾಲಿಗೆಗೆ ನುಣ್ಣಗಾಗಿತ್ತು. ಅದನ್ನು ಅಂಗೈಗೆ ಉಗಿದು ನೋಡಿದಳು. ಕೊಟ್ಟದ್ದು ಲಕ್ಷ್ಮಿದೇವಮ್ಮ, ಕಲಿಸಿದ್ದು ಬೆಟ್ಟಮ್ಮ, ದಾಟಿಸಿದ್ದು ತಾನು. ಗೌಡರ ಕಣ್ಣು ಕಂಬದ ಮೇಲಿತ್ತು. ಆದರೆ ಈ ಹುಡುಗಿಯ ಬಾಯಿ ಕಟ್ಟಿದ್ದು ತನ್ನದೇ ಕೈ. ಬೀಜವನ್ನು ದೂರ ಎಸೆದಳು.

"ಮ್ಯಾಕೆ ಬನ್ರವ್ವ," ಎಂದಳು. ಕೂಗಲಿಲ್ಲ. "ಸಾಕು. ಎಲ್ರೂ ಮ್ಯಾಕೆ ಬನ್ನಿ."

ಮೊದಲು ಯಾರೂ ಅಲುಗಲಿಲ್ಲ. ಲಕ್ಷ್ಮಿದೇವಮ್ಮ ಕೈಯಲ್ಲಿದ್ದ ಪೈರನ್ನು ಒಮ್ಮೆ ನೋಡಿ, ಅಲ್ಲೇ ಇಳಿಬಿಟ್ಟು, ಸೊಂಟ ಹಿಡಿದುಕೊಂಡು ಬದು ಹತ್ತಿದಳು. ಅವಳ ಹಿಂದೆ ಇಬ್ಬರು. ಆಮೇಲೆ ಇನ್ನೂ ಮೂವರು. ಮೂವರು ಗದ್ದೆಯಲ್ಲೇ ಉಳಿದರು. ಅವರನ್ನು ಬೈಯಲು ಲತಾಳಿಗೆ ಮನಸ್ಸು ಬರಲಿಲ್ಲ. ತಿಮ್ಮೇಶನನ್ನು ಎದುರು ಹಾಕಿಕೊಂಡರೆ ಅವರ ಮನೆಯ ಒಲೆ ಉರಿಯುವುದಿಲ್ಲ, ಅದು ಎಲ್ಲರಿಗೂ ಗೊತ್ತಿದ್ದದ್ದೇ.

ತಿಮ್ಮೇಶ ಕಟ್ಟು ಬಿಸಾಡಿ ಓಡಿಬಂದ. "ಏನ್ ಲತಕ್ಕ ಇದು? ಪೈರು ಕಿತ್ತು ಆಗದೆ. ಇವತ್ತು ನೆಡ್ದಿದ್ರೆ ಬಾಡೋಯ್ತದೆ. ನಾಲೆ ನೀರು ಇನ್ನೆರಡು ದಿನಕ್ಕೆ ನಿಂತೋಯ್ತದೆ."

"ಗೊತ್ತು ಕಣ್ಲಾ."

"ಗೊತ್ತಿದ್ದೂ?"

"ಗೊತ್ತಿರೋದ್ಕೇ ಇವತ್ತು ಬದು ಅತ್ತಿದ್ದು."

ಅರ್ಧ ಗದ್ದೆ ಹಸಿರು, ಅರ್ಧ ಗದ್ದೆ ಬರಿ ಕೆಸರು. ಕಟ್ಟು ಕಟ್ಟು ಪೈರು ಅಲ್ಲಲ್ಲಿ ಬಿದ್ದಿತ್ತು. ಶಿವಶಂಕರ್ ಅದನ್ನು ನೋಡಿದರು, ಹೆಂಗಸರನ್ನು ನೋಡಿದರು. ದನಿ ಮೊದಲ ಸಲ ಏರಿತು.

"ಏನಂತೆ? ಬಾತ್ರೂಮು ಕಟ್ಟುಸ್ಕೊಡ್ಬೇಕಂತ? ಗದ್ದೇಲಿ? ನಿಮ್ಮೂರಲ್ಲಿ ಕುಡಿಯೋಕೆ ನೀರಿಲ್ಲ, ಬಂದ್ಬುಟ್ರು ಇಲ್ಲಿ. ಅಲ್ಲಿ ಬಯಲಲ್ಲಿ ಕೂರ್ತಿರ್ನಿಲ್ವ?"

"ಕೂರ್ತಿದ್ವಿ," ಎಂದಳು ಲತಾ. "ಯಾರೂ ಮೊಬೈಲಲ್ಲಿ ಎಣಿಸ್ತಿರ್ನಿಲ್ಲ. ನೀರಿಲ್ಲದ ಊರೇ ನಮ್ದು, ಸುಳ್ಳಲ್ಲ. ಇಷ್ಟು ವರ್ಷದಿಂದ ನೀರಿರೋ ಊರಿಗೆ ಬತ್ತಾ ಇವ್ನಿ ಗೌಡ್ರೆ. ಒಂದು ದಿನ ಇಲ್ಲಿ ಒಟ್ಟೆ ತುಂಬ ನೀರು ಕುಡ್ದಿಲ್ಲ. ನಿಮ್ಮ ಗದ್ದೆಗೆ ನಿಲ್ಲಿಸ್ತೀರಿ, ಎಮ್ಮೆಗೆ ಬುಡ್ತೀರಿ. ಈ ಮಗೀಗೆ ಮೂರು ದಿನದಿಂದ ಬರಿ ಬೀಜ ಚೀಪ್ಸಿವ್ನಿ ನಾನು."

ಖಾಲಿ ಪಾತ್ರೆಗಳನ್ನು ಜೋಡಿಸುತ್ತಿದ್ದ ಚಿಕ್ಕಬೋರಮ್ಮ ನಡುವೆ ಬಂದಳು. "ಅದೇನು ದೊಡ್ಡ ಮಾತು? ನಾವೂ ನಟ್ಟೋರೇ ಕಣಮ್ಮ. ಮೂರು ಮಕ್ಕಳ ಒಟ್ಟೇಲಿಟ್ಕೊಂಡು ನಟ್ಟಿವ್ನಿ. ನಾವೇನು ಕುಡೀತಿದ್ವ?"

"ನಿಮ್ಗೂ ಉಣಸೆಬೀಜ ಕೊಟ್ಟಿದ್ರಾ ಅಮ್ಮ?" ಎಂದು ಕೇಳಿದಳು ಲತಾ.

ಮುದುಕಿ ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟಳು. ಮಗನ ಮುಖ ನೋಡಿದಳು. ಆಮೇಲೆ ಕೆಸರು ನೋಡಿದಳು.

"ಕೊಟ್ಟಿದ್ರು," ಎಂದಳು. ಅಷ್ಟೇ. ಪಾತ್ರೆಗಳನ್ನು ಅಲ್ಲೇ ಬಿಟ್ಟು ಮನೆಯ ಕಡೆಗೆ ಒಬ್ಬಳೇ ನಡೆದುಬಿಟ್ಟಳು, ಬಿರಬಿರನೆ, ಎರಡು ಮಂಡಿಯನ್ನೂ ಒಂದಕ್ಕೊಂದು ಒತ್ತಿಕೊಂಡು.

ಲತಾ ಸೌಮ್ಯಳನ್ನು ಎತ್ತಿ ನಿಲ್ಲಿಸಿ ಪಂಪ್‌ಸೆಟ್ ಮನೆಯ ತೊಟ್ಟಿಯ ಹತ್ತಿರ ನಡೆಸಿದಳು. ಪೈಪಿನಿಂದ ತೋಳು ದಪ್ಪದ ನೀರು ಸುರಿಯುತ್ತಿತ್ತು. ಮೊದಲು ಸೌಮ್ಯಳಿಗೆ ಕುಡಿಸಿದಳು. ಸಾಕು ಅಂದರೂ ಬಿಡಲಿಲ್ಲ. ಆಮೇಲೆ ಕಂಬದ ಕೆಳಗೇ ನಿಂತು ತಾನು ಬೊಗಸೆ ಒಡ್ಡಿದಳು. ನೀರು ತಣ್ಣಗಿತ್ತು. ಗಂಟಲು ಇಳಿದು ಎದೆಯಲ್ಲಿ ಹರಿದು ಹೋಗುವುದು ತಿಳಿಯುತ್ತಿತ್ತು. ಬೊಗಸೆಯ ಮೇಲೆ ಬೊಗಸೆ ಕುಡಿದಳು. ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲಿಲ್ಲ. ಹಿಂದಿನಿಂದ ಒಬ್ಬೊಬ್ಬರೇ ಬಂದು ಬಗ್ಗಿದರು. ಲಕ್ಷ್ಮಿದೇವಮ್ಮ ಸೊಂಟದ ಚೀಲ ಬಿಚ್ಚಿ ಬೀಜವನ್ನೆಲ್ಲ ಕಾಲುವೆಗೆ ಸುರಿದು, ಎಲೆಯಡಿಕೆ ಮಾತ್ರ ಉಳಿಸಿಕೊಂಡಳು.

"ಎಂಗೋಗ್ತೀರಿ ಊರಿಗೆ? ಆಟೊ ಬಾಡಿಗೆಗೆ ಓಗದೆ, ಸಂಜೆಗಂಟ ಬರಲ್ಲ," ಎಂದ ತಿಮ್ಮೇಶ.

"ರೋಡಲ್ಲಿ ಶ್ರೀರಂಗಪಟ್ಟಣದ ಬಸ್ಸು ಐತೆ, ಪಾಂಡವಪುರದ ಬಸ್ಸು ಐತೆ. ಕಾಸು ಬ್ಯಾಡ, ಆಧಾರ್ ಕಾರ್ಡು ತೋರ್ಸುದ್ರೆ ಸಾಕು. ಮೊದ್ಲು ಇವಳ್ನ ಆಸ್ಪತ್ರೆಗೆ ಆಕ್ಬೇಕು."

ಎಂಟು ಹೆಂಗಸರು ನಡೆದರು. ಬಸ್ಸಿನ ರಸ್ತೆಗೆ ಹೋಗುವ ದಾರಿಯಲ್ಲೇ ಗೌಡರ ಮನೆ. ಆರ್‌ಸಿಸಿ ಮನೆ, ಮುಂದೆ ಗ್ರಾನೈಟಿನ ಮೆಟ್ಟಿಲು. ಅದರ ಮುಂದೆ ಬಂದಾಗ ಸೌಮ್ಯ ಲತಾಳ ಕೈ ಒತ್ತಿದಳು. ತಡೆಯಲಾಗುತ್ತಿಲ್ಲ ಎಂದು ಆ ಕೈಯೇ ಹೇಳಿತು. ಅಷ್ಟು ನೀರು ಕುಡಿದ ಮೇಲೆ ಲತಾಳಿಗೂ ಅದೇ ಆಗಿತ್ತು. ಅವಳು ಬಸ್ಸಿನ ರಸ್ತೆ ನೋಡಿದಳು. ಎರಡೂ ಕಡೆ ಗದ್ದೆ, ಗದ್ದೆ, ಗದ್ದೆ.

"ಬನ್ರವ್ವ," ಎಂದು ಗೇಟು ತೆಗೆದಳು.

ಗೌಡರ ಹೆಂಡತಿ ಶ್ವೇತ ಬಾಗಿಲಿಗೆ ಬಂದು ಗಾಬರಿಯಾದಳು. ಕೆಸರು ಮೆತ್ತಿದ ಎಂಟು ಜನ. "ಏನಾಯ್ತು? ಯಾರ್ ಬೇಕಿತ್ತು?"

"ಬಾತ್ರೂಮು ಬೇಕಿತ್ತು," ಎಂದಳು ಲತಾ.

"ಇಲ್ಲ, ಅದು... ನಮ್ಮ ಮನೇದು. ಕೆಲ್ಸದೋರ್ಗೆ..."

ಆಕೆ ಮಾತು ಮುಗಿಸುವ ಮೊದಲೇ ಮನೆಯ ಪಕ್ಕದಲ್ಲಿ ನೀರು ಸುರಿದ ಸದ್ದಾಯಿತು. ಹಿತ್ತಲ ಕಡೆಯ ಬಾತ್ರೂಮಿನಿಂದ ಚಿಕ್ಕಬೋರಮ್ಮ ಹೊರಗೆ ಬಂದಳು. ಸೊಸೆಯನ್ನು ನೋಡಿದಳು, ಅಂಗಳದಲ್ಲಿ ನಿಂತವರನ್ನು ನೋಡಿದಳು. ಮನೆಯೊಳಗೆ ಹೋದಳು. ಬಾತ್ರೂಮಿನ ಬಾಗಿಲು ಮಾತ್ರ ಹಾಕಲಿಲ್ಲ.

ಬಿಳಿಯ ಟೈಲ್ಸ್. ನಲ್ಲಿ. ಬಕೆಟ್ಟು. ಲತಾ ಸೌಮ್ಯಳನ್ನು ಒಳಗೆ ಬಿಟ್ಟಳು. ಟೈಲ್ಸಿನ ಮೇಲೆ ಕೆಸರಿನ ಹೆಜ್ಜೆ ಮೂಡಿತು. ಉಳಿದವರು ಹೊರಗೆ ಸಾಲಾಗಿ ನಿಂತರು, ನಲ್ಲಿಯ ಮುಂದೆ ಬಿಂದಿಗೆ ಹಿಡಿದು ನಿಲ್ಲುವ ರೂಢಿ ಇದ್ದವರೇ ಎಲ್ಲ.

ಬೈಕಿನ ಸದ್ದು ಅಂಗಳಕ್ಕೆ ಬಂದು ನಿಂತಿತು. ಶಿವಶಂಕರ್ ಇಳಿದರು. ಮುಖ ಬಿಳಿಚಿತ್ತು.

"ಏನ್ರಮ್ಮ ಇದು? ಊರು ನೋಡ್ತಾ ಅದೆ. ಇವತ್ತು ನಟ್ಟುಬುಡಿ, ನಾಳೆ ನಾಕು ತಗಡು ಆಕುಸ್ತೀನಿ."

"ಕ್ಯಾಮ್ರಾ?"

"ಅದು ಮೋಟ್ರಿಗೆ..."

"ಅದ್ರಲ್ಲಿರೋದು ಅಳಿಸೋಗಂಟ ನಿಮ್ಮ ಗದ್ದೇಗೆ ನಮ್ಮ ಕಾಲು ಇಳಿಯಲ್ಲ. ನಿಮ್ಮ ಪೈರು ಬಾಡ್ಲಿ."

ಶಿವಶಂಕರ್ ಒಂದು ಹೆಜ್ಜೆ ಮುಂದೆ ಬಂದರು. ಅದು ಅವರದೇ ಮನೆ, ಅವರದೇ ಬಾಗಿಲು. ಲತಾ ಅಲುಗಲಿಲ್ಲ. ಅವಳ ಹಿಂದೆ ಒಳಗಿನಿಂದ ಸೌಮ್ಯ ಚಿಲಕ ಹಾಕಿಕೊಂಡ ಸದ್ದು ಕೇಳಿತು, ಟಕ್ ಎಂದು.

ಈ ಸಲ ಲತಾಳ ಬೆನ್ನು ಬಾಗಿಲಿಗೆ ಒತ್ತಿತ್ತು. ಕಣ್ಣು ಗೌಡರ ಮೇಲಿತ್ತು. ಸೆರಗು ಹಿಡಿಯುವ ಕೆಲಸ ಇರಲಿಲ್ಲ. ಎರಡೂ ಕೈ ಖಾಲಿ ಇತ್ತು.

"ನಿಂತ್ಕಳಿ ಗೌಡ್ರೆ," ಎಂದಳು. "ಇನ್ನೂ ಏಳು ಜನ ಅವ್ರೆ."